ಕಣದ ಮೇಲೆ ಬೂಟುಗಾಲು

"ಬೂಟು ನನ್ ಮಗಂದೇ ಅಮ್ಮಣ್ಣಿ. ಕಾಲೂ ನನ್ ಮಗಂದೇ. ಆದ್ರೆ ಆ ಕಾಲಿಗೆ ಆ ಬೂಟು ಹಾಕ್ದೋನು ನನ್ ಮಗ ಅಲ್ಲ."

ಮುನಿವೆಂಕಟಮ್ಮ ಇಷ್ಟು ಹೇಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳಲಿಲ್ಲ. ಅಳುವುದನ್ನೆಲ್ಲ ಮೊನ್ನೆಯೇ ಮುಗಿಸಿದ ಮುಖ ಅದು.

ಬೂಟುಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಹಿಡಿದಿದ್ದ ಲಕ್ಷ್ಮೀಪ್ರಿಯಾಳ ಕೈ ಅಲ್ಲೇ ನಿಂತಿತು. ಅವಳು ಸರ್ಕಾರದ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್. ಜಿಲ್ಲೆಯಲ್ಲಿ ಕರೆಂಟು ಹೊಡೆದು ಯಾರೇ ಸತ್ತರೂ ಅಲ್ಲಿಗೆ ಹೋಗಿ ನೋಡಿ, ಯಾಕೆ ಸತ್ತರು ಎಂದು ಬರೆದು ಸಹಿ ಮಾಡುವುದು ಅವಳ ಕೆಲಸ. ಹನ್ನೆರಡು ವರ್ಷದಲ್ಲಿ ಮುನ್ನೂರಕ್ಕೂ ಮೇಲೆ ಸಾವು ಬರೆದಿದ್ದಳು. ಇಂಥ ಮಾತನ್ನು ಮಾತ್ರ ಯಾವ ತಾಯಿಯ ಬಾಯಲ್ಲೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ, ಅಂಚೆಟ್ಟಿ ಕಾಡಂಚಿನ ಈ ಬಂಡೆಕಣದೊಡ್ಡಿಯಲ್ಲಿ, ಬಾಹ್ಯಾಕಾಶದಿಂದ ಇಳಿಯುವ ಸೌರವಿದ್ಯುತ್ತನ್ನು ಹಿಡಿಯಲೆಂದು ಕಂಪನಿ ಕಟ್ಟಿದ ತಂತಿಬಲೆಯ ಕೆಳಗೆ ಕಂಪನಿಯ ಟೆಕ್ನಿಷಿಯನ್ ಜಗನ್ ಸತ್ತುಬಿದ್ದಿದ್ದ. ವಯಸ್ಸು ಇಪ್ಪತ್ತಾರು.

"ಯಾಕಮ್ಮ ಹಂಗಂತೀಯ?"

"ನೀನು ನಿಂತಿರೋದು ಎಲ್ಲಿ ನೋಡ್ಕೊ."

ಲಕ್ಷ್ಮೀಪ್ರಿಯಾ ಕೆಳಗೆ ನೋಡಿದಳು. ಅರ್ಧ ಎಕರೆ ಅಗಲದ ಚಪ್ಪಟೆ ಬಂಡೆ. ತಲೆಮಾರುಗಳ ಸಗಣಿ ಸಾರಿಸಿ ಸಾರಿಸಿ ಬಂಡೆಯ ಬಣ್ಣವೇ ಬದಲಾಗಿತ್ತು. ಇಡೀ ಊರಿನ ರಾಗಿ ಬಡಿಯುವ ಕಣ. ಈಗ ಅದರ ಮೇಲೆ ಹನ್ನೆರಡು ಕಬ್ಬಿಣದ ಕಂಬ, ಕಂಬಗಳ ತಲೆಯ ಮೇಲೆ ತಾಮ್ರದ ಬಲೆ. ಬಲೆಯ ಅಂಚಿಗೆ ನೂರು ಬಲ್ಬು, ಹಗಲು ಹನ್ನೊಂದರ ಬಿಸಿಲಲ್ಲೂ ಹಳದಿಯಾಗಿ ಉರಿಯುತ್ತಿದ್ದವು. ಅವಳ ಷೂ, ಸಾಕ್ಸ್ ಎರಡೂ ಕಣದ ಅಂಚಿನ ಹುಣಸೆಮರದಡಿ ಇದ್ದವು. ಬಂದ ಕೂಡಲೇ ಯಾರೋ ಹೇಳಿದ್ದರು, ಬಿಚ್ಚಿದ್ದಳು, ಮರೆತಿದ್ದಳು.

"ಕಣ ಅಂದ್ರೆ ಅನ್ನದ ಜಾಗ" ಎಂದಳು ಮುನಿವೆಂಕಟಮ್ಮ. "ಕಾಲಲ್ಲಿ ಕೆರ ಇಟ್ಕಂಡು ನಾವು ಹತ್ತಲ್ಲ. ಆಡೋ ಮಕ್ಳು ಸೈತ ಹತ್ತಲ್ಲ. ನನ್ ಮಗ ಕಂಪ್ನಿ ಸೇರಿ ಎಂಟು ತಿಂಗ್ಳು ಆಯ್ತು. ಬೂಟು ಬಿಚ್ಚಿ ಕಣ ಹತ್ತಿದ್ದಕ್ಕೆ ಮೂರು ಮೆಮೋ ಕೊಟ್ಟವ್ರೆ. ಮೂರೂ ಮನೇಲವೆ. ಕೆಲ್ಸ ಹೋದ್ರೂ ಪರ್ವಾಗಿಲ್ಲ ಅಂದಿದ್ದ. ಸಾಯೋಕೆ ಹೋಗೋನು ಬೂಟು ಹಾಕ್ಕಂಡು ಹೋಗ್ತಾನಾ?"

ಚೀಲದೊಳಗಿನ ಬೂಟನ್ನು ಲಕ್ಷ್ಮೀಪ್ರಿಯಾ ಮತ್ತೆ ನೋಡಿದಳು. ಕಪ್ಪು ರಬ್ಬರಿನ ದಪ್ಪ ಅಟ್ಟೆ. ಆಸ್ಪತ್ರೆಯವರು ಗಂಟು ಬಿಚ್ಚದೆ ಲೇಸನ್ನು ಪಕ್ಕದಿಂದ ಕತ್ತರಿಸಿ ಬೂಟು ತೆಗೆದಿದ್ದರು. ಹಾಗಾಗಿ ಗಂಟು ಇದ್ದ ಹಾಗೇ ಇತ್ತು. ಬೂಟಿಗೆ ಎಲ್ಲರೂ ಹಾಕುವ ಚಿಟ್ಟೆಗಂಟಲ್ಲ. ಚಪ್ಪಟೆ ಗಂಟು, ಉಳಿದ ತುದಿಗಳನ್ನು ಮೂರು ಸುತ್ತು ಸುತ್ತಿ ಒಳಕ್ಕೆ ತುರುಕಿದ್ದು. ಎಲ್ಲೋ ನೋಡಿದ ಗಂಟು. ಎಲ್ಲಿ ಎಂಬುದು ನೆನಪಿಗೆ ಬರಲಿಲ್ಲ.

ಬೂಟಿನೊಳಗೆ ಟಾರ್ಚು ಬಿಟ್ಟಳು. ಒಳಗಿನ ಬಟ್ಟೆ ಬಿಳಿಯಾಗಿ, ಶುದ್ಧವಾಗಿ ಇತ್ತು.

ಜಗನ್‌ನ ಬಲ ಅಂಗೈಯಲ್ಲಿ ಸುಟ್ಟ ಕುಳಿ, ಎಡ ಅಂಗಾಲಿನಲ್ಲಿ ಸುಟ್ಟ ಕುಳಿ ಎಂದು ಕೃಷ್ಣಗಿರಿ ಆಸ್ಪತ್ರೆಯ ವರದಿ ಹೇಳಿತ್ತು. ಕೈಯಿಂದ ಹೊಕ್ಕು ಕಾಲಿನಿಂದ ಹೊರಟ ವಿದ್ಯುತ್ತು. ಹೊರಡುವಾಗ ಕಾಲಿಗೆ ಬೂಟಿದ್ದಿದ್ದರೆ ಈ ಬಿಳಿ ಬಟ್ಟೆ ಕರಕಲಾಗಬೇಕಿತ್ತು. ಈ ಅಟ್ಟೆ ಇದ್ದಿದ್ದರೆ ಅವನು ಸಾಯುವುದೇ ಅನುಮಾನ.

ತಾಯಿ ಹೇಳಿದ್ದು ನಿಜ. ಕರೆಂಟು ಹೊಡೆದಾಗ ಅವನದು ಬರಿಗಾಲು. ಬೂಟು ಆಮೇಲೆ ಬಂದಿದ್ದು. ಶವಪರೀಕ್ಷೆ ಮಾಡಿದ ಡಾಕ್ಟರಿಗೆ ನಿಂತಲ್ಲಿಂದಲೇ ಒಂದು ಮೆಸೇಜ್ ಕಳಿಸಿದಳು.

"ಹಾಕ್ದೋರ ಹೆಸ್ರು ಬೇಕು ನಂಗೆ" ಎಂದಳು ಮುನಿವೆಂಕಟಮ್ಮ. "ಕೊಂದೋರ ಹೆಸ್ರು ಪೊಲೀಸ್ನೋರು ಹುಡುಕ್ಕೊಳ್ಳಿ. ನನ್ ಮಗನ ಕಾಲು ಹಿಡಿದು, ಕಣದ ಮೇಲೆ ಬೂಟು ತುರುಕಿದ್ರಲ್ಲ, ಅವರ ಹೆಸ್ರು ನಂಗೆ ಬೇಕು."

"ಗೊತ್ತಾದ ಗಳಿಗೇನೇ ಹೇಳ್ತೀನಿ. ಪೊಲೀಸರಿಗಿಂತ ಮೊದಲು ನಿಂಗೇ."

"ಹೇಳ್ತೀಯಾ?"

"ಹೇಳ್ತೀನಮ್ಮ."

ಆಡಿದ ಮಾತಿನ ಭಾರ ಆಗ ಅವಳಿಗೆ ತಿಳಿದಿರಲಿಲ್ಲ.

ಕಣದಾಚೆಯ ಪಂಪ್‌ಶೆಡ್ಡಿನಿಂದ ಜಗನ್‌ನ ತಂದೆ ಗೋಪಾಲಪ್ಪ ಬಂದ. ಟವೆಲಿನಲ್ಲಿ ಕತ್ತು ಒರೆಸಿಕೊಂಡು ಉರಿಯುವ ಬಲ್ಬುಗಳನ್ನು ನೋಡಿದ.

"ನೋಡಿದ್ಯಾ ತಾಯಿ ಆಕಾಸದ ಕರೆಂಟು? ಮಧ್ಯಾಹ್ನ ಮೂರು ಗಂಟೆವರ್ಗೂ ಇರ್ತದೆ ನೋಡ್ಕೊ. ಆಮೇಲೆ ಇರಲ್ಲ."

"ಮೂರಕ್ಕೆ ಯಾಕೆ ಹೋಗುತ್ತೆ?"

"ನಮ್ಮ ತ್ರೀಫೇಸ್ ಮೂರಕ್ಕೆ ತಾನೇ ಹೋಗೋದು." ಅವನ ಮೀಸೆಯಡಿ ನಗುವೂ ಅಲ್ಲದ, ಅಳುವೂ ಅಲ್ಲದ ಒಂದು ಗೆರೆ ಮೂಡಿತು. "ಈ ತಿಂಗ್ಳು ನಮ್ಮ ಮೋಟ್ರಿಗೆ ಬೆಳಿಗ್ಗೆ ಒಂಬತ್ತರಿಂದ ಮೂರು. ಈ ಬಲ್ಬೂ ಒಂಬತ್ತರಿಂದ ಮೂರು. ಹೋದ ತಿಂಗ್ಳು ನಮ್ಗೆ ಮೂರರಿಂದ ರಾತ್ರಿ ಒಂಬತ್ತು. ಇದೂ ಮೂರರಿಂದ ಒಂಬತ್ತೇ. ಸೂರ್ಯಂಗೂ ನಮ್ಮ ಅಂಚೆಟ್ಟಿ ಲೈನ್‌ಮ್ಯಾನೇ ಫ್ಯೂಸ್ ಹಾಕ್ತಾನೇನೋ ಅನ್ಕಂಡೆ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ತಾಲೂಕಾಫೀಸಿಗೆ ಅರ್ಜಿ ಬರ್ದು ಕೊಟ್ಟೆ. ಇಸ್ಕಂಡು, ನೀನೇನು ವಿಜ್ಞಾನಿನಾ ಅಂದ್ರು. ಇಲ್ಲ ಸಾಮಿ, ಮೋಟ್ರು ಹಾಕೋನು ಅಂದೆ. ನಗಾಡಿದ್ರು. ಇದೇ ಮಾತು ನನ್ ಮಗಂಗೂ ಹೇಳಿದ್ದೆ. ಅವನು ನಗ್ಲಿಲ್ಲ. ಅವತ್ತಿಂದ ಬುಕ್ಕಲ್ಲಿ ಟೈಮು ಬರ್ಕೊಳ್ಳೋಕೆ ಶುರು ಮಾಡ್ದ."

ಬಂಡೆಕಣದೊಡ್ಡಿಗೆ ದಿನಕ್ಕೆ ಒಂದೇ ಬಸ್ಸು. ಕಾಡಾನೆ ದಾರಿಗೆ ಬಂದರೆ ಅದೂ ಇಲ್ಲ. ಕಂಬದ ಕರೆಂಟನ್ನೇ ನೆಟ್ಟಗೆ ಕಾಣದ ಊರಿಗೆ ಆಕಾಶದ ಕರೆಂಟು ತರುತ್ತೇವೆ ಎಂದು ಬಂದವರು ಊರಿನ ಕಣವನ್ನೇ ಕೇಳಿದ್ದರು. ಮೊದಲು ಪರೀಕ್ಷೆಗೆಂದು ಆರು ತಿಂಗಳು. ಆಮೇಲೆ ಇನ್ನಾರು ತಿಂಗಳು. ಈಗ ಸುತ್ತಲಿನ ಎರಡು ಕಿಲೋಮೀಟರ್ ಅಪಾಯದ ವಲಯವಂತೆ, ಊರೇ ಏಳಬೇಕಂತೆ. ಇಂದು ಸಂಜೆ ನಾಲ್ಕಕ್ಕೆ ತಾಲೂಕಿನ ಅಧಿಕಾರಿಗಳು ಬಂದು ಊರಸಭೆ ನಡೆಸುತ್ತಾರೆ. ಅಲ್ಲಿ ಓದುವುದು ಲಕ್ಷ್ಮೀಪ್ರಿಯಾಳ ವರದಿ. ಆಕಾಶದ ಕಿರಣದಿಂದ ಸಾವು ಎಂದು ಅವಳು ಬರೆದರೆ ಅರವತ್ತು ಮನೆಗಳು ಗಂಟುಮೂಟೆ ಕಟ್ಟಬೇಕು. ಜಗನ್ ನಿಯಮ ಮೀರಿ ಕಿರಣಕ್ಕೆ ಅಡ್ಡ ಹೋದವನು ಎಂದು ಕಾಗದದಲ್ಲಿ ಕಾಯಂ ಆಗುತ್ತಾನೆ.

ಲಕ್ಷ್ಮೀಪ್ರಿಯಾ ರಬ್ಬರ್ ಕೈಗವಸು ತೊಟ್ಟು, ಟೆಸ್ಟರ್ ಹಿಡಿದು, ರಬ್ಬರ್ ಚಾಪೆ ಹಾಸಿಕೊಂಡು ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಹನ್ನೆರಡನೆಯ ಕಂಬದ ಬುಡದಲ್ಲಿ ಕಪ್ಪು ಇನ್ಸುಲೇಷನ್ ಟೇಪು. ಬೇರೆ ಕಂಬಗಳ ಟೇಪು ಧೂಳು ಹಿಡಿದು ಬೂದಿಯಾಗಿತ್ತು. ಇದು ಮಿರಮಿರ ಮಿಂಚುತ್ತಿತ್ತು. ಎರಡೇ ದಿನದ ಹಿಂದೆ ಸುತ್ತಿದ ಹಾಗೆ.

"ಕಂಬಕ್ಕೆ ಕರೆಂಟು ಬರೋ ವಯರು ಎಲ್ಲಿ?" ಎಂದು ಅವಳು ತನ್ನಷ್ಟಕ್ಕೇ ಕೇಳಿಕೊಂಡಳು. ಬಂಡೆ. ಅಗೆದು ಹೂಳಲು ಮಣ್ಣೇ ಇಲ್ಲ.

ಮುನಿವೆಂಕಟಮ್ಮ ಕಣದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅಂಗೈಯನ್ನು ಬಂಡೆಯ ಮೇಲೆ ಇಟ್ಟು ಸಾರಿಸುವವಳ ಹಾಗೆ ಬಳಸಿ ಬಳಸಿ ಎಳೆದಳು. ಒಂದು ಕಡೆ ಕೈ ನಿಂತಿತು.

"ಇಲ್ಲಿ ಒಂದು ಬಿರುಕಿತ್ತು. ಮುಂಡೇದು ವರ್ಷವರ್ಷ ಒಂದು ಸೇರು ರಾಗಿ ನುಂಗ್ತಿತ್ತು. ನಮ್ಮತ್ತೆ ಕಾಲದಿಂದ್ಲೂ ನುಂಗ್ತಿತ್ತು. ಈಗ ಬಾಯಿ ಮುಚ್ಕಂಡದೆ."

ಬೂದುಬಣ್ಣದ ಸಿಮೆಂಟಿನ ಗೆರೆ. ಮೇಲೆ ಸಗಣಿನೀರು ಬಳಿದು ಮರೆಮಾಚಿದ್ದರು. ಕಣ್ಣಿಗೆ ಮೋಸ ಮಾಡಬಹುದಿತ್ತು, ನಲವತ್ತು ವರ್ಷ ಸಾರಿಸಿದ ಕೈಗಲ್ಲ. ಗೋಪಾಲಪ್ಪ ಪಂಪ್‌ಶೆಡ್ಡಿನಿಂದ ಉಳಿ, ಸುತ್ತಿಗೆ ತಂದ. ಮರದ ಹಿಡಿಯ ಉಳಿಯಿಂದ ಲಕ್ಷ್ಮೀಪ್ರಿಯಾ ತಾನೇ ಮೆಲ್ಲಗೆ ಕೆತ್ತಿದಳು. ನಾಲ್ಕನೆಯ ಏಟಿಗೆ ಸಿಮೆಂಟು ಚಕ್ಕೆಯಾಗಿ ಎದ್ದಿತು.

ಒಳಗೆ ಹೆಬ್ಬೆರಳು ಗಾತ್ರದ ಕಪ್ಪು ಕೇಬಲ್ ಮಲಗಿತ್ತು, ಪೊಟರೆಯಲ್ಲಿ ಹಾವು ಮಲಗಿದ ಹಾಗೆ.

ಟೆಸ್ಟರ್ ಹಿಡಿದಳು. ಕೆಂಪು ದೀಪ ಹೊತ್ತಿತು. ಕೇಬಲ್ಲಿನ ದಿಕ್ಕು ಹಿಡಿದು ಕಣ್ಣು ಹಾಯಿಸಿದರೆ ಹುಣಸೆಮರ, ಅದರಾಚೆ ಬೇಲಿ, ಬೇಲಿಯಾಚೆ ವಿದ್ಯುತ್ ಮಂಡಳಿಯ ಈಬಿ ಕಂಬ. ಅದೇ ಕಂಬದಿಂದ ಗೋಪಾಲಪ್ಪನ ಮೋಟರಿಗೂ ಲೈನು ಹೋಗಿತ್ತು.

ಗೋಪಾಲಪ್ಪ ಕೇಬಲ್ಲನ್ನೇ ನೋಡುತ್ತ ಹೇಳಿದ: "ನಮ್ ಕರೆಂಟನ್ನೇ ಕದ್ದು, ಆಕಾಸದಿಂದ ಬಂತು ಅಂತ ನಮ್ಗೇ ತೋರ್ಸಿದ್ರು. ಮೊದಲ್ನೇ ದಿನ ಬಲ್ಬು ಹತ್ತಿದಾಗ ನಾನೂ ಕೈಮುಗ್ದಿದ್ದೆ, ತಾಯಿ."

*

ಕಣದ ಅಂಚಿಗೆ ನಿಲ್ಲಿಸಿದ ಕಬ್ಬಿಣದ ಕಂಟೇನರೇ ನಭೋಜ್ಯೋತಿ ಪವರ್ ಕಂಪನಿಯ ಸೈಟ್ ಆಫೀಸು. ಒಳಗೆ ಎ.ಸಿ. ತಂಪು. ಮೇಜಿನ ಹಿಂದೆ ಕಂಪನಿಯ ನಿರ್ದೇಶಕ ವಿಷ್ಣು. ಇಪ್ಪತ್ತೈದು ವರ್ಷದ ಹಿಂದೆ, ಹೊಸೂರಿನ ಲಕ್ಷ್ಮೀಪ್ರಿಯಾಳ ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಅವಳ ತಂದೆಯ ಹತ್ತಿರ ಭೌತಶಾಸ್ತ್ರದ ಟ್ಯೂಷನ್ನಿಗೆ ಕೂರುತ್ತಿದ್ದ ಹುಡುಗ. ಅವಳ ತಂದೆ ವಸುಧೇಂದ್ರ ಆಗ ಕಾಲೇಜು ಉಪನ್ಯಾಸಕರು.

"ಬಾ ಪ್ರಿಯಾ. ಮೇಷ್ಟ್ರು ಆರೋಗ್ಯವಾಗಿದ್ದಾರಾ?"

"ಇಲ್ಲಿ ನಾನು ಇನ್‌ಸ್ಪೆಕ್ಟರ್. ಹಾಗೇ ಕರೀರಿ."

"ಸರಿ, ಇನ್‌ಸ್ಪೆಕ್ಟರ್ ಮೇಡಂ. ಮಜ್ಜಿಗೆ ತರಿಸ್ಲಾ? ಬಂಡೆ ಕಾವು ತಲೆಗೇರಿರುತ್ತೆ."

"ಬೇಡ. ಡಬ್ಬಿಯಲ್ಲಿ ಮೊಸರನ್ನ ಇದೆ."

ಹೊಸೂರಂಚಿನ ಅವಲಪಲ್ಲಿಯ ಮನೆಯಿಂದ ಬೆಳಿಗ್ಗೆ ಹೊರಡುವಾಗ ಅಪ್ಪ ಕೊಟ್ಟ ಡಬ್ಬಿ. ಕೊಡುತ್ತಾ, "ಬಂಡೆ ಕಾದಿರುತ್ತೆ, ಸಾಕ್ಸ್ ಬಿಚ್ಚಬೇಡ" ಎಂದಿದ್ದರು. ಯಾಕೋ ಆ ಮಾತು ಈಗ ನೆನಪಾಗಿ ಹೋಯಿತು.

"ತಪ್ಪು ನಮ್ಮದೇ" ಎಂದ ವಿಷ್ಣು, ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ. "ಮುಚ್ಚಿಡೋಕೆ ಏನೂ ಇಲ್ಲ. ಕಿರಣ ನಾವು ಲೆಕ್ಕ ಹಾಕಿದ್ದಕ್ಕಿಂತ ಜೋರಾಗಿತ್ತು. ಹುಡುಗ ಅಡ್ಡ ಹೋದ. ಬರೆದು ಕೊಡ್ತೀನಿ."

"ಅದೇ ನನ್ನ ಕಷ್ಟ ನೋಡಿ. ಹನ್ನೆರಡು ವರ್ಷ ಈ ಹೊಸೂರಿನ ಕಾರ್ಖಾನೆಗಳನ್ನ ಸುತ್ತಿದ್ದೀನಿ. ಸತ್ತವನು ಕುಡಿದಿದ್ದ ಅಂತಾರೆ, ಗ್ಲೋವ್ಸ್ ಹಾಕಿರಲಿಲ್ಲ ಅಂತಾರೆ, ನಮ್ಮ ಕೆಲಸಗಾರನೇ ಅಲ್ಲ ಅಂತಾರೆ. ನಾನು ಕೇಳೋ ಮೊದಲೇ ತಪ್ಪು ನಮ್ಮದು ಅಂದವರು ನೀವೊಬ್ಬರೇ."

"ಪ್ರಾಮಾಣಿಕತೆಯೂ ಅಪರಾಧವಾ?"

"ನಿಮ್ಮ ಉಪಗ್ರಹ ಎಷ್ಟು ದೊಡ್ಡದು?"

"ಒಂದು ವ್ಯಾನಿನಷ್ಟು."

"ಎಷ್ಟು ಎತ್ತರದಲ್ಲಿದೆ?"

"ಐನೂರು ಕಿಲೋಮೀಟರ್."

"ಅಂದ್ರೆ ಈ ಊರಿನ ನೆತ್ತಿ ದಾಟೋಕೆ ಅದಕ್ಕೆ ಹತ್ತು ನಿಮಿಷ ಸಾಕು. ಬಲ್ಬು ಮಾತ್ರ ದಿನಾ ಆರು ಗಂಟೆ ಉರಿಯುತ್ತೆ. ಉಳಿದ ಹೊತ್ತು ಯಾರು ಉರಿಸ್ತಾರೆ?"

ವಿಷ್ಣು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಇನ್ನೊಂದು" ಎಂದಳು ಲಕ್ಷ್ಮೀಪ್ರಿಯಾ. "ಟಾರ್ಚನ್ನ ಗೋಡೆ ಹತ್ತಿರ ಹಿಡಿದ್ರೆ ಬೆಳಕು ಒಂದು ಚುಕ್ಕಿ. ಎದುರುಗುಡ್ಡಕ್ಕೆ ಬಿಟ್ರೆ ಅದೇ ಬೆಳಕು ಗುಡ್ಡವೆಲ್ಲಾ ಹರಡಿ ತೆಳ್ಳಗಾಗುತ್ತೆ. ವ್ಯಾನಿನಷ್ಟು ಯಂತ್ರದಿಂದ ಬಿಟ್ಟ ಕಿರಣ ಇಲ್ಲಿಗೆ ಬರೋ ಹೊತ್ತಿಗೆ ಸುತ್ತಿನ ಹತ್ತು ಹಳ್ಳಿಗೆ ಹರಡಿರುತ್ತೆ. ಬಲ್ಬಿರಲಿ, ಕೈಗಡಿಯಾರವೂ ಓಡಲ್ಲ. ಇದನ್ನ ನಿಮಗೂ ನನಗೂ ಒಂದೇ ಜಗಲಿ ಮೇಲೆ, ಒಂದೇ ಟಾರ್ಚಲ್ಲಿ ತೋರಿಸಿಕೊಟ್ಟಿದ್ದು ನಮ್ಮಪ್ಪ."

"ಅಂದ್ರೆ ಬಾಹ್ಯಾಕಾಶದಿಂದ ಕರೆಂಟು ತರೋಕಾಗಲ್ಲ ಅಂತ ನೀನು ಬರೀತೀಯ?"

"ಆಗಲ್ಲ ಅನ್ನಲ್ಲ. ಹೊರದೇಶಗಳಲ್ಲಿ ಪ್ರಯತ್ನ ಮಾಡ್ತಿದ್ದಾರೆ, ಗುಲಗಂಜಿಯಷ್ಟು ಶಕ್ತಿ ಕಳಿಸಿಯೂ ನೋಡಿದ್ದಾರೆ. ನಿಜವಾಗಿ ಒಂದು ಊರಿಗೆ ಕರೆಂಟು ಬೇಕಾದ್ರೆ ಆಕಾಶದಲ್ಲಿ ಕಿಲೋಮೀಟರ್ ಅಗಲದ ಯಂತ್ರ ಬೇಕು, ನೆಲದ ಮೇಲೆ ಹೊಸೂರಿನಷ್ಟು ಬಲೆ ಬೇಕು. ಅಷ್ಟಾದ ಮೇಲೂ ಆ ಕಿರಣ ಮಧ್ಯಾಹ್ನದ ಬಿಸಿಲಿನ ಕಾಲುಭಾಗದಷ್ಟು ಇರೋ ಹಾಗೆ ಯೋಚಿಸಿದ್ದಾರೆ. ಬಿಸಿಲಿಗೆ ನಿಂತ ಮನುಷ್ಯನ ಅಂಗೈಯಲ್ಲಿ ತೂತು ಬೀಳುತ್ತಾ, ವಿಷ್ಣು ಅವರೇ?"

ಲಕ್ಷ್ಮೀಪ್ರಿಯಾ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ತಾನು ಪಾರದರ್ಶಕ ಎಂದು ತೋರಿಸಲು ಶನಿವಾರ ಅವನೇ ಹೆಮ್ಮೆಯಿಂದ ಅವಳ ಆಫೀಸಿಗೆ ಕಳಿಸಿಕೊಟ್ಟ ಕಾಗದಗಳಲ್ಲಿ ಇದೂ ಒಂದು. ಹೂಡಿಕೆದಾರರಿಗೆ ಕಂಪನಿ ಕಳಿಸಿದ ವಿಷಾದ ಪತ್ರ.

"ಪೊಲೀಸರಿಗೆ ಫೋನು ಹೋಗಿದ್ದು ಹನ್ನೆರಡು ಇಪ್ಪತ್ತೈದಕ್ಕೆ. ಈ ಪತ್ರ ಹೋಗಿದ್ದು ಹನ್ನೊಂದು ನಲವತ್ತಕ್ಕೆ. ಓದಲಾ? 'ನಮ್ಮ ಕಿರಣದ ಅನಿರೀಕ್ಷಿತ ತೀವ್ರತೆಯಿಂದ ಒಂದು ಪ್ರಾಣಹಾನಿ ಸಂಭವಿಸಿದೆ.' ಅನಿರೀಕ್ಷಿತ ತೀವ್ರತೆ. ಕೂತು, ಪದ ಆರಿಸಿ ಬರೆದಿದ್ದೀರಿ."

ಎ.ಸಿ.ಯ ಗುಂಯ್‌ಗುಟ್ಟುವಿಕೆಯ ನಡುವೆ, ತಾನು ಹೇಳಲಿರುವ ಮಾತು ಅವಳಿಗೇ ಮೊದಲ ಸಲ ಪೂರ್ತಿಯಾಗಿ ಅರ್ಥವಾಯಿತು.

"ನಿಮ್ಮ ಕಿರಣ ಇದೆ ಅಂತ ಯಾರೂ ನಂಬ್ತಿರಲಿಲ್ಲ. ಬಲ್ಬು ತೋರಿಸಿದ್ರಿ, ನಂಬಲಿಲ್ಲ. ಈಗ ಒಂದು ಹೆಣ ತೋರಿಸಿದ್ದೀರಿ. ಕೊಲ್ಲೋ ಶಕ್ತಿ ಇದೆ ಅಂದ ಮೇಲೆ, ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಜಗನ್ ಸಾವು ನಿಮಗೆ ಅಪಘಾತ ಅಲ್ಲ. ನಿಮ್ಮ ಯೋಜನೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಅದೇ ಸರ್ಟಿಫಿಕೇಟು."

ವಿಷ್ಣುವಿನ ಮುಖದಲ್ಲಿ ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಬಂದದ್ದು ಒಂದು ಬಗೆಯ ದಣಿವು.

"ನಾನು ಕೊಂದಿಲ್ಲ" ಎಂದ. "ನಾನು ಹೋದಾಗ ಅವನು ಸತ್ತಿದ್ದ. ಕಾಲಲ್ಲಿ ಬೂಟಿತ್ತು. ಅದನ್ನ ನೋಡಿದ ಮೇಲೇ ಪತ್ರ ಬರೆದೆ. ಬೂಟು ಹಾಕಿದವನನ್ನ ನೆಲದ ಕರೆಂಟು ಕೊಲ್ಲಲ್ಲ, ಕಿರಣ ಅಂದ್ರೆ ನಂಬ್ತಾರೆ ಅನ್ನಿಸ್ತು. ಅಷ್ಟೇ ನನ್ನ ಪಾಪ."

"ಅಷ್ಟೇನಾ? ಊರಿನ ಲೈನು ಕದ್ದಿದ್ದು? ಬಂಡೆ ಬಿರುಕಲ್ಲಿ ಕೇಬಲ್ ಹೂತಿದ್ದು?"

ಪೆನ್ನು ಅವನ ಬೆರಳಿಂದ ಜಾರಿತು. ಆ ಕೇಬಲ್ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವನು ನಂಬಿದ್ದ. ಸಾರಿಸುವವರ ಕೈಯನ್ನು ಇಂಥವರ ಲೆಕ್ಕಕ್ಕೆ ಸೇರಿಸುವುದು ಯಾರು?

ಅಷ್ಟರಲ್ಲಿ ಲಕ್ಷ್ಮೀಪ್ರಿಯಾಳ ಫೋನು ಅದುರಿತು. ಕೃಷ್ಣಗಿರಿಯಿಂದ ಡಾಕ್ಟರ್ ಕಲ್ಪನಾ, ಜಗನ್‌ನ ಶವಪರೀಕ್ಷೆ ಮಾಡಿದವರು.

"ಮೇಡಂ, ಬೂಟು ಆಮೇಲೆ ಹಾಕಿದ್ದಾ ಅಂತ ಬೆಳಿಗ್ಗೆ ಮೆಸೇಜ್ ಮಾಡಿ ಕೇಳಿದ್ರಲ್ಲ, ಮತ್ತೊಂದು ಸಲ ನೋಡಿದೆ."

"ಹೇಳಿ ಡಾಕ್ಟರ್."

"ಕರೆಂಟು ಹೊಡೆದ ಮೇಲೆ ಹಾಕಿದ್ದು, ಅದು ಖಂಡಿತ. ಆದ್ರೆ ಸತ್ತ ಮೇಲೆ ಹಾಕಿದ್ದಲ್ಲ."

"ಏನಂದ್ರಿ?"

"ಲೇಸು ಬಿಗಿದ ಕಡೆ ಎರಡೂ ಕಾಲಿನ ಮೇಲೆ ಚರ್ಮ ಕೆಂಪಾಗಿ ಕಂದಿದೆ, ಒಳಗೆ ರಕ್ತ ಕಟ್ಟಿದೆ. ರಕ್ತ ಓಡ್ತಿರೋ ದೇಹದಲ್ಲಿ ಮಾತ್ರ ಹಾಗಾಗೋದು. ಬೂಟು ಹಾಕಿ ಗಂಟು ಬಿಗಿಯುವಾಗ ಆ ಹುಡುಗ ಬದುಕಿದ್ದ, ಮೇಡಂ. ಹತ್ತು ಹದಿನೈದು ನಿಮಿಷವಾದ್ರೂ ಬದುಕಿದ್ದ. ಎದೆ ಒತ್ತಿದ್ರೆ, ಆಸ್ಪತ್ರೆಗೆ ತಂದಿದ್ರೆ..."

ಲಕ್ಷ್ಮೀಪ್ರಿಯಾ ಫೋನನ್ನು ಮೇಜಿನ ಮೇಲೆ ಇಟ್ಟಳು. ಉಸಿರಾಡುವ ಮನುಷ್ಯನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಲೇಸು ಪೋಣಿಸಿ, ಸಾವಧಾನವಾಗಿ ಗಂಟು ಹಾಕಿ, ತುದಿಗಳನ್ನು ಮೂರು ಸುತ್ತು ಸುತ್ತಿ ಒಳಗೆ ತುರುಕಿದ ಒಂದು ಜೊತೆ ಕೈ. ಆತುರವಿಲ್ಲದ ಕೈ. ಅದು ಯಾರದು?

"ನಿಮ್ಮ ಯೋಜನೆಗೆ ಒಂದು ಸಾಧ್ಯತಾ ವರದಿ ಇರಬೇಕಲ್ಲ" ಎಂದಳು. "ಈ ಕಿರಣ ಇಳಿಯುತ್ತೆ ಅಂತ ಯಾವ ವಿಜ್ಞಾನಿ ಬರೆದುಕೊಟ್ಟ? ಅದನ್ನ ಕೊಡಿ. ಶನಿವಾರ ಕೊಟ್ಟ ಕಾಗದಗಳಲ್ಲಿ ಅದೊಂದು ಇರಲಿಲ್ಲ."

"ಅದು ಬೇಡ, ಪ್ರಿಯಾ."

"ಕೊಡಿ."

"ಟ್ಯೂಷನ್ನಿಗೆ ಬರ್ತಿದ್ದಾಗ ನಿನ್ನ ಕೈಯಿಂದ ಕಾಫಿ ಇಸ್ಕೊಂಡು ಕುಡಿದಿದ್ದೀನಿ. ಅದಕ್ಕೇ ಹೇಳ್ತಿದ್ದೀನಿ, ಬೇಡ."

"ಕೊಡಿ ಅಂದೆ."

ವಿಷ್ಣು ಎದ್ದು ಕಬ್ಬಿಣದ ಬೀರು ತೆರೆದು, ಗಟ್ಟಿ ರಟ್ಟಿನ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟ. ಬಿಳಿಯ ಲಾಡಿಯಿಂದ ಕಟ್ಟಿದ ಕಟ್ಟು.

"ನೀನೇ ಬಿಚ್ಚು. ಆ ಗಂಟು ಬಿಚ್ಚೋಕೆ ನಿನಗೆ ಬರುತ್ತೆ."

ಚಪ್ಪಟೆ ಗಂಟು. ತುದಿಗಳು ಮೂರು ಸುತ್ತು ಸುತ್ತಿ ಒಳಗೆ ತುರುಕಿದ್ದವು.

ಆಗ ಲಕ್ಷ್ಮೀಪ್ರಿಯಾಳಿಗೆ ಎಂಟು ವರ್ಷ. ಏಪ್ರಿಲ್ ತಿಂಗಳು. ಹಜಾರದ ತುಂಬ ಪರೀಕ್ಷೆಯ ಉತ್ತರಪತ್ರಿಕೆಗಳು. ಅಪ್ಪ ತಿದ್ದಿ ಮುಗಿಸಿದ ಪತ್ರಿಕೆಗಳನ್ನು ಕಟ್ಟು ಕಟ್ಟುತ್ತಿದ್ದಾರೆ. "ಬೆರಳಿಡು ಪುಟ್ಟಿ, ಗಟ್ಟಿಯಾಗಿ ಒತ್ತಿ ಹಿಡಿ." ಅವಳ ತೋರುಬೆರಳಿನ ಮೇಲೆ ಲಾಡಿ ಬಿಗಿಯುತ್ತದೆ, ಬೆರಳು ಜಾರಿಸಿಕೊಳ್ಳುತ್ತಾಳೆ, ಗಂಟು ಕೂರುತ್ತದೆ. ತುದಿ ಹೊರಗೆ ಬಿಟ್ಟರೆ ಅರಗಿನ ಮುದ್ರೆ ಎಳೆದು ಒಡೆಯುತ್ತದೆಂದು ಮೂರು ಸುತ್ತು, ಒಳಗೆ. ಮೂವತ್ತು ವರ್ಷ ಉತ್ತರಪತ್ರಿಕೆ ಕಟ್ಟಿದ ಕೈ. ಆ ಕೈಗೆ ಬೇರೆ ಗಂಟು ಬರುವುದಿಲ್ಲ. ಹಳೆಯ ಪೇಪರು ಕಟ್ಟಿದರೂ ಅದೇ, ಅವಳ ಶಾಲೆಯ ಬೂಟಿಗೂ ಅದೇ.

ಅವಳು ಗಂಟು ಬಿಚ್ಚಿದಳು. ಬೆರಳಿಗೆ ದಾರಿ ನೆನಪಿತ್ತು.

ಕೊನೆಯ ಪುಟ. "ಮೇಲಿನ ಎಲ್ಲ ಲೆಕ್ಕಗಳನ್ನು ಪರಿಶೀಲಿಸಿದ್ದೇನೆ. ಯೋಜನೆ ಕಾರ್ಯಸಾಧ್ಯ." ಕೆಳಗೆ ಅಪ್ಪನ ಸಹಿ, ಓರೆಯಾದ ದುಂಡಕ್ಷರಗಳಲ್ಲಿ: ವಸುಧೇಂದ್ರ.

"ಎಂಟು ತಿಂಗಳಿಂದ ಮೇಷ್ಟ್ರು ನಮ್ಮ ಸಲಹೆಗಾರರು" ಎಂದ ವಿಷ್ಣು, ತಗ್ಗಿದ ದನಿಯಲ್ಲಿ. "ಪ್ರತಿ ಶನಿವಾರ ಇಲ್ಲಿಗೆ ಬರ್ತಿದ್ರು. ಮನೇಲಿ ಹೇಳಿಲ್ವಾ?"

ಶನಿವಾರ. ಹೊಸೂರಿನ ಗ್ರಂಥಾಲಯಕ್ಕೆ ಹೋಗುತ್ತೇನೆ ಎನ್ನುತ್ತಿದ್ದ ಶನಿವಾರಗಳು.

ಅವಳು ಕಟ್ಟನ್ನು ಎದೆಗವುಚಿಕೊಂಡು ಹೊರಗೆ ಬಂದಳು. ಬಿಸಿಲು ಮುಖಕ್ಕೆ ಹೊಡೆಯಿತು. ಬರಿಗಾಲಿಗೆ ಬಂಡೆ ಚುರ್ರೆಂದಿತು. ಬಂಡೆ ಕಾದಿರುತ್ತೆ, ಸಾಕ್ಸ್ ಬಿಚ್ಚಬೇಡ. ಬೆಳಿಗ್ಗೆ ಅವಳು ಮನೆಯಲ್ಲಿ ಹೇಳಿದ್ದು ಅಂಚೆಟ್ಟಿ ಕಡೆ ಒಂದು ಕೇಸು ಎಂದಷ್ಟೇ. ಬಂಡೆಯ ಸುದ್ದಿ ಎತ್ತಿರಲೇ ಇಲ್ಲ. ಅಲ್ಲಿ ಷೂ ಬಿಚ್ಚಬೇಕೆಂಬ ಸುದ್ದಿಯನ್ನಂತೂ ಅವಳೂ ಇಲ್ಲಿಗೆ ಬಂದ ಮೇಲೇ ಕೇಳಿದ್ದು.

ಹುಣಸೆಮರದ ನೆರಳಿನಲ್ಲಿ ನಿಂತು ಫೋನು ಮಾಡಿದಳು. ಮೊದಲ ರಿಂಗಿಗೇ ಅತ್ತ ಎತ್ತಿಕೊಂಡರು, ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದವರ ಹಾಗೆ.

"ಊಟ ಆಯ್ತಾ ಪುಟ್ಟಿ?"

"ಅಪ್ಪ, ಬಂಡೆ ಕಾದಿರುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಅತ್ತಲಿಂದ ಗೋಡೆಗಡಿಯಾರದ ಟಿಕ್‌ಟಿಕ್ ಕೇಳಿಸಿತು. ಮನೆಯ ಹಜಾರದ ಗಡಿಯಾರ.

"ಗಂಟು ನೋಡಿದ್ಯಾ?" ಎಂದರು ವಸುಧೇಂದ್ರ.

"ನೋಡಿದೆ."

"ನೀನು ನೋಡ್ತೀಯ ಅಂತ ಗೊತ್ತಿತ್ತು. ಬಿಚ್ಚಿ ಬೇರೆ ಥರ ಹಾಕೋಣ ಅಂತ ಎರಡು ಸಲ ಕೈ ಹಾಕಿದೆ. ಆಗಲಿಲ್ಲ."

"ನೀವು ಹಾಕಿದಾಗ ಅವನು ಬದುಕಿದ್ದ, ಅಪ್ಪ. ಡಾಕ್ಟರು ಹೇಳಿದ್ರು. ಬದುಕಿದ್ದ."

"ಗೊತ್ತಮ್ಮ." ದನಿ ಅಪ್ಪನದೇ, ಆದರೆ ಎಲ್ಲೋ ಆಳದ ಬಾವಿಯಿಂದ ಬಂದ ಹಾಗಿತ್ತು. "ಮಾತಾಡ್ತಿದ್ದ. ಕೇಳಿದ್ದೇ ಅವನು. 'ಬೂಟು ಹಾಕಿಬಿಡಿ ಮೇಷ್ಟ್ರೇ, ಅದನ್ನ ನೋಡಿದ್ರೆ ನಮ್ಮಮ್ಮಂಗೆ ಗೊತ್ತಾಗುತ್ತೆ' ಅಂದ. ಆಮೇಲೆ ಸ್ವಿಚ್ಚು ಹಾಕಿದವರ ಹೆಸರು ಹೇಳಿದ. ಪುಟ್ಟಿ, ಸರಿಯಾಗಿ ಕೇಳು, ಆ ಹೆಸರು..."

ಅತ್ತ ಕಾಲಿಂಗ್ ಬೆಲ್ಲು ಹೊಡೆಯಿತು. ಒಮ್ಮೆಯಲ್ಲ, ಎಡೆಬಿಡದೆ. ಕುರ್ಚಿ ಸರಿದ ಸದ್ದು. ಯಾರೋ ಏನೋ ಕೇಳಿದ ಸದ್ದು. ಫೋನು ಕಟ್ಟಾಯಿತು.

ಮತ್ತೆ ಮಾಡಿದಳು. ಸ್ವಿಚ್ ಆಫ್.

ತಿರುಗಿದರೆ, ಮೂರು ಹೆಜ್ಜೆ ಆಚೆ ಮುನಿವೆಂಕಟಮ್ಮ ನಿಂತಿದ್ದಳು. ಸಗಣಿಯಲ್ಲಿ, ರಾಗಿಯಲ್ಲಿ ಸವೆದ ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹೆಸ್ರು ಗೊತ್ತಾಯ್ತು ಅಲ್ವಾ ಅಮ್ಮಣ್ಣಿ" ಎಂದಳು. "ನಿನ್ ಮುಖ ಹೇಳ್ತದೆ. ಮೊದ್ಲು ನಂಗೇ ಹೇಳ್ತೀನಿ ಅಂದಿದ್ದೆ. ಹೇಳು, ಯಾರು ಅವರು?"